ಕೈಯಿಂದ ಪೋಸ್ಟರ್: ಕುಂಚವೋ, ಕತ್ತರಿಯೋ, ಅಚ್ಚೋ?

ಗ್ರಾಫಿಕ್ ಡಿಸೈನ್ ಓದುವವರಿಗೆ ಮೊದಲ ವರ್ಷದಲ್ಲೇ ಒಂದು ಕೆಲಸ ಬರುತ್ತದೆ: ಕಂಪ್ಯೂಟರ್ ಮುಟ್ಟದೆ, ಪೂರ್ತಿ ಕೈಯಿಂದಲೇ ಒಂದು ಪೋಸ್ಟರ್ ಮಾಡಿ ತನ್ನಿ. ಹುಬ್ಬಳ್ಳಿ, ಧಾರವಾಡ, ಗದಗದ ಕಡೆ ಈ ಕೆಲಸ ಹಿಡಿದು ಬರುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಪೋಸ್ಟರ್ ಕಲರ್‌ನಲ್ಲಿ ಬಿಡಿಸಲೋ, ಕಾಗದ ಕತ್ತರಿಸಿ ಅಂಟಿಸಲೋ, ಲಿನೋ ಎಂಬ ಮೆತ್ತನೆಯ ಹಲಗೆ ಕೆತ್ತಿ ಅಚ್ಚೊತ್ತಲೋ, ಬಲೆಯ ಮೂಲಕ ಶಾಯಿ ಇಳಿಸುವ ಸ್ಕ್ರೀನ್ ಪ್ರಿಂಟ್ ಮಾಡಲೋ? ಉತ್ತರ ಹುಡುಕುವಾಗ ಹೆಚ್ಚಿನವರು ಚಿತ್ರವನ್ನು ಮುಂದಿಟ್ಟುಕೊಳ್ಳುತ್ತಾರೆ. ಚಿತ್ರ ಚೆನ್ನಾಗಿ ಮೂಡುವ ವಿಧಾನವನ್ನು ಆರಿಸಿಕೊಂಡು, ಕೊನೆಗೆ ಉಳಿದ ಜಾಗದಲ್ಲಿ ತಲೆಬರಹವನ್ನು ತುರುಕುತ್ತಾರೆ. ಕನ್ನಡದ ಪೋಸ್ಟರ್ ಕೆಡುವುದು ಅಲ್ಲೇ. ಮೊದಲು ತಲೆಬರಹವನ್ನು ಬರೆಯಿರಿ, ಅದರ ಅಕ್ಷರಗಳು ಯಾವ ವಿಧಾನಕ್ಕೆ ಒಗ್ಗುತ್ತವೆ ಎಂದು ನೋಡಿ, ಆಮೇಲೆ ಚಿತ್ರಕ್ಕೆ ಬನ್ನಿ ಎಂದು ನಾನು ಹೇಳುತ್ತೇನೆ. ಚಿತ್ರವನ್ನು ಹೇಗೆ ಬೇಕಾದರೂ ಬಗ್ಗಿಸಬಹುದು, ಸರಳಗೊಳಿಸಬಹುದು. ಅಕ್ಷರವನ್ನು ಒಂದು ಮಿತಿಯಾಚೆ ಬಗ್ಗಿಸಿದರೆ ಓದುವವನಿಗೆ ಅದು ಬೇರೆಯೇ ಅಕ್ಷರವಾಗಿಬಿಡುತ್ತದೆ.

ಮೊದಲು ಅಕ್ಷರ

ನಮ್ಮ ಊರುಗಳ ಹೆಸರುಗಳನ್ನೇ ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು ನೋಡಿ. 'ಗದಗ'ಕ್ಕೆ ಒತ್ತಿಲ್ಲ, ಗುಡಿಸಿಲ್ಲ, ಕೊಂಬಿಲ್ಲ. ಮೂರು ದುಂಡು ಅಕ್ಷರಗಳು ಒಂದೇ ಪಟ್ಟಿಯಲ್ಲಿ ಕೂರುತ್ತವೆ. ಪೋಸ್ಟರ್ ಮಾಡುವವರಿಗೆ ಈ ಸೀಮೆಯಲ್ಲಿ ಇಷ್ಟು ಅನುಕೂಲದ ಊರ ಹೆಸರು ಇನ್ನೊಂದಿಲ್ಲ. 'ಧಾರವಾಡ' ಅಗಲ ಕೇಳುತ್ತದೆ, ಎತ್ತರ ಕೇಳುವುದಿಲ್ಲ. 'ಹಾವೇರಿ'ಗೆ ಏತ್ವ ಮತ್ತು ಗುಡಿಸಿನಿಂದಾಗಿ ಮೇಲೆ ಜಾಗ ಬೇಕು. 'ಹುಬ್ಬಳ್ಳಿ' ಬಂದಾಗ ಕೆಳಗೆ ಎರಡು ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು. ಇದರ ಕೆಳಗೆ ಇನ್ನೊಂದು ಸಾಲು ಬರೆಯುವುದಾದರೆ ಒತ್ತುಗಳಿಗೂ ಕೆಳಸಾಲಿನ ಗುಡಿಸುಗಳಿಗೂ ಡಿಕ್ಕಿಯಾಗದಷ್ಟು ಅಂತರ ಬಿಡಬೇಕು. ಇಂಗ್ಲಿಷ್ ಪೋಸ್ಟರ್‌ಗಳನ್ನು ನೋಡಿ ಸಾಲಿನ ಅಂತರ ಕಲಿತವರು ಇಲ್ಲಿ ಎಡವುತ್ತಾರೆ.

ಅಕ್ಷರದ ಗಾತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬುದು ಫಲಕಗಳ ಉದ್ಯಮದಲ್ಲಿ ಬಳಸುವ ಸ್ಥೂಲ ಲೆಕ್ಕ. ಅದು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡ ಲೆಕ್ಕ. ಕನ್ನಡದ ಒಂದು ಅಕ್ಷರದೊಳಗೆ ಸುರುಳಿ, ಚುಕ್ಕೆ, ಸೀಳು ಎಲ್ಲವೂ ಇರುವುದರಿಂದ ಅದಕ್ಕಿಂತ ಸ್ವಲ್ಪ ದೊಡ್ಡದನ್ನೇ ಇಟ್ಟುಕೊಳ್ಳಿ. ತರಗತಿಯ ಗೋಡೆಗೆ ಹಚ್ಚಿ ಇಪ್ಪತ್ತು ಅಡಿ ದೂರದಿಂದ ನೋಡುವ ಪೋಸ್ಟರ್‌ಗೆ ಮೂರು ಇಂಚಿನ ತಲೆಬರಹ ನನ್ನ ಪ್ರಕಾರ ಕನಿಷ್ಠ.

ಹೋಲಿಕೆಗೆ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಎ2 ಹಾಳೆ, ಅಂದರೆ 420 × 594 ಮಿ.ಮೀ. ವಿಷಯ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬೆಳೆ, ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ, ಮೈತುಂಬ ಸುಕ್ಕು. ಇದರಲ್ಲಿ ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಗಳಿವೆ. ಡಬ್ಬಿ ಗಿಡ್ಡ ಮತ್ತು ದುಂಡು, ಕಡ್ಡಿ ಉದ್ದ ಮತ್ತು ಸಪೂರ. ತಲೆಬರಹ 'ಬ್ಯಾಡಗಿ', ಅದರ ಕೆಳಗೆ ಒಂದು ಸಣ್ಣ ಸಾಲು, ಜೊತೆಗೆ ಒಂದೇ ಒಂದು ಕಾಯಿಯ ಚಿತ್ರ. ಆ ಕೆಂಪನ್ನೂ ಆ ಸುಕ್ಕನ್ನೂ ಯಾವ ವಿಧಾನ ಹೇಗೆ ಹಿಡಿಯುತ್ತದೆ ಎಂಬುದೇ ಪರೀಕ್ಷೆ.

ಕುಂಚ ಮತ್ತು ಪೋಸ್ಟರ್ ಕಲರ್

ಎಲ್ಲರ ಕೈಯಲ್ಲೂ ಇರುವ ಸಾಮಾನು ಇದು. ಸ್ಟೇಷನರಿ ಅಂಗಡಿಯಲ್ಲಿ ಬಣ್ಣದ ಬಾಟಲಿ, ಎರಡು ದುಂಡು ಬ್ರಶ್, ಒಂದು ಅಗಲ ತುದಿಯ ಬ್ರಶ್ ಕೊಂಡರೆ ಕೆಲಸ ಆರಂಭಿಸಬಹುದು. ಫ್ಲೆಕ್ಸ್ ಬರುವ ಮುನ್ನ ನಮ್ಮ ಊರುಗಳ ಅಂಗಡಿ ಫಲಕಗಳು, ಗೋಡೆ ಬರಹಗಳು, ನಾಟಕ ಕಂಪನಿಗಳ ಪರದೆಗಳು ಕುಂಚದಿಂದಲೇ ಹುಟ್ಟುತ್ತಿದ್ದವು. ಹಳೆಯ ಪೇಟೆಯ ಓಣಿಗಳಲ್ಲಿ ಇನ್ನೂ ಅಳಿಸಿಹೋಗದ ಬರಹ ಕಂಡರೆ ನಿಂತು ನೋಡಿ. ಅಗಲ ತುದಿಯ ಬ್ರಶ್ಶನ್ನು ಒಂದೇ ಕೋನದಲ್ಲಿ ಹಿಡಿದು ಎಳೆದಾಗ ದಪ್ಪ ಎಲ್ಲಿ ಬರುತ್ತದೆ, ತೆಳು ಎಲ್ಲಿ ಬರುತ್ತದೆ ಎಂಬುದು ಪುಸ್ತಕಕ್ಕಿಂತ ಅಲ್ಲಿ ಬೇಗ ತಿಳಿಯುತ್ತದೆ. ಕನ್ನಡದ ಬಾಗುಗಳಿಗೆ ಕುಂಚದಷ್ಟು ಹತ್ತಿರದ ಸಾಧನ ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಒತ್ತು, ಕೊಂಬು, ಗುಡಿಸು ಎಲ್ಲವೂ ಕೈಯ ಒಂದು ಓಟದಲ್ಲಿ ಬಂದುಬಿಡುತ್ತವೆ.

ತೊಡಕು ಇರುವುದು ಬಣ್ಣದ ಗುಣದಲ್ಲಿ. ಪೋಸ್ಟರ್ ಕಲರ್ ಒಣಗಿದ ಮೇಲೂ ನೀರು ತಗುಲಿದರೆ ಮತ್ತೆ ಕರಗುತ್ತದೆ. ಕೆಂಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬರೆಯಲು ಹೋದರೆ ಅಡಿಯ ಕೆಂಪು ಎದ್ದು ಬಂದು ಬಿಳಿಯನ್ನು ಗುಲಾಬಿ ಮಾಡುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಅಕ್ಷರದ ಜಾಗವನ್ನು ಖಾಲಿ ಬಿಟ್ಟು ಸುತ್ತ ಬಣ್ಣ ತುಂಬುವುದು ಒಂದು. ಹಿನ್ನೆಲೆಗೆ ಅಕ್ರಿಲಿಕ್ ಬಣ್ಣ ಹಚ್ಚಿ, ಅದು ಒಣಗಿದ ಮೇಲೆ ಪೋಸ್ಟರ್ ಕಲರ್‌ನಲ್ಲಿ ಬರೆಯುವುದು ಇನ್ನೊಂದು. ಅಕ್ರಿಲಿಕ್ ಒಮ್ಮೆ ಒಣಗಿದರೆ ನೀರಿಗೆ ಜಗ್ಗುವುದಿಲ್ಲವಾದ್ದರಿಂದ ಎರಡನೆಯದೇ ಸುರಕ್ಷಿತ.

ಹದದ ವಿಷಯದಲ್ಲಿ ಅವಸರ ಬೇಡ. ಬಣ್ಣ ಗಟ್ಟಿ ಮಜ್ಜಿಗೆಯಷ್ಟು ಇರಬೇಕು. ನೀರಾದರೆ ಗೆರೆಗೆರೆಯಾಗುತ್ತದೆ, ತೀರ ಗಟ್ಟಿಯಾದರೆ ಒಣಗಿ ಬಿರಿಯುತ್ತದೆ. ಇಡೀ ಹಿನ್ನೆಲೆಗೆ ಸಾಲುವಷ್ಟು ಬಣ್ಣವನ್ನು ಒಂದೇ ಸಲ ಕಲಸಿಕೊಳ್ಳಿ. ಅರ್ಧದಲ್ಲಿ ತೀರಿದರೆ ಅದೇ ಛಾಯೆ ಮತ್ತೆ ಸಿಗುವುದು ಬಹಳ ಕಷ್ಟ, ಏಕೆಂದರೆ ಒದ್ದೆ ಇದ್ದಾಗಿನ ಬಣ್ಣವೇ ಒಣಗಿದ ಮೇಲೆ ಉಳಿಯುವುದಿಲ್ಲ. ತಿಳಿ ಬಣ್ಣಗಳು ಸ್ವಲ್ಪ ಕಪ್ಪಾಗುತ್ತವೆ, ಗಾಢ ಬಣ್ಣಗಳು ಸ್ವಲ್ಪ ತಿಳಿಯಾಗುತ್ತವೆ. ಬ್ಯಾಡಗಿಯ ಕೆಂಪಿಗೆ ಕ್ರಿಮ್ಸನ್‌ಗೆ ಸ್ಕಾರ್ಲೆಟ್ ಬೆರೆಸಿ, ನೆರಳಿಗೆ ಚೂರು ಬರ್ನ್ಟ್ ಅಂಬರ್ ಸೇರಿಸಿ, ಒಂದು ತುಂಡು ಕಾಗದದ ಮೇಲೆ ಒಣಗಿಸಿ ನೋಡಿ ಆಮೇಲೆ ಮುಂದುವರಿಯಿರಿ. ನೆರಳಿಗೆಂದು ಕಪ್ಪು ಸೇರಿಸಬೇಡಿ, ಕೆಂಪು ಸತ್ತಂತಾಗುತ್ತದೆ.

ಹಾಳೆ ತೆಳುವಾಗಿದ್ದರೆ ನೀರು ಕುಡಿದು ಅಲೆಅಲೆಯಾಗುತ್ತದೆ. ಸಾಮಾನ್ಯ ಡ್ರಾಯಿಂಗ್ ಶೀಟಿನ ಮೇಲೆ ದೊಡ್ಡ ಹಿನ್ನೆಲೆ ಬಳಿಯಲೇಬೇಡಿ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದ ಅಥವಾ ದಪ್ಪ ಮೌಂಟ್ ಬೋರ್ಡ್ ಬೇಕು. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದಲ್ಲಿ ಮಳೆಗಾಲವಿಡೀ ಗಾಳಿಯಲ್ಲಿ ತೇವವಿರುತ್ತದೆ. ಒಂದು ಲೇಪ ಒಣಗಲು ಕಾಯುವ ಹೊತ್ತನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಗದಗದ ಬೇಸಿಗೆಯಲ್ಲಿ ತೊಂದರೆ ಉಲ್ಟಾ, ಬಟ್ಟಲಿನಲ್ಲೇ ಬಣ್ಣ ಹೆಪ್ಪುಗಟ್ಟುತ್ತದೆ. ಆಗ ಬಟ್ಟಲಿನ ಮೇಲೆ ಒದ್ದೆ ಬಟ್ಟೆ ಮುಚ್ಚಿಡಿ.

ಕೈ ಪಳಗಿದ್ದರೆ ಕುಂಚವೇ ಸೈ. ಪಳಗಿರದಿದ್ದರೆ ಒಂದೇ ಒಂದು ನಡುಗಿದ ಗೆರೆ ಇಡೀ ತಲೆಬರಹವನ್ನು ಹಾಳು ಮಾಡಬಹುದು ಎಂಬುದನ್ನು ಗಮನದಲ್ಲಿಟ್ಟುಕೊಳ್ಳಿ.

ಕತ್ತರಿ ಮತ್ತು ಅಂಟು

ಮೊದಲ ಸಲ ಕೈಯಿಂದ ಪೋಸ್ಟರ್ ಮಾಡುವವರಿಗೆ ನಾನು ಹೇಳುವುದು ಈ ವಿಧಾನವನ್ನೇ. ಕಾರಣ ಒಂದೇ: ಅಂಟಿಸುವ ತನಕ ಎಲ್ಲವನ್ನೂ ಸರಿಸಬಹುದು. 'ಬ್ಯಾ'ದ ಪಕ್ಕದ ಒತ್ತನ್ನು ಎರಡು ಮಿಲಿಮೀಟರ್ ಮೇಲಕ್ಕೆ, ಕಾಯಿಯನ್ನು ಸ್ವಲ್ಪ ಓರೆಗೆ, ಸಣ್ಣ ಸಾಲನ್ನು ಬಲಕ್ಕೆ ಸರಿಸಿ, ಪ್ರತಿ ಜೋಡಣೆಯನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದು ಅಕ್ಕಪಕ್ಕ ಇಟ್ಟು ನೋಡಬಹುದು. ವಿನ್ಯಾಸ ಎಂದರೆ ಜೋಡಣೆ. ಆ ಪಾಠ ಕುಂಚಕ್ಕಿಂತ ಇಲ್ಲಿ ಚೆನ್ನಾಗಿ ಆಗುತ್ತದೆ.

ಸಾಮಾನಿನ ದೃಷ್ಟಿಯಿಂದಲೂ ನಮ್ಮ ಸೀಮೆ ಭಾಗ್ಯವಂತ. ಗದಗವನ್ನು 'ಮುದ್ರಣ ಕಾಶಿ' ಎಂದು ಕರೆಯುವುದು ಸುಮ್ಮನೆ ಅಲ್ಲ, ಗದಗ-ಬೆಟಗೇರಿಯಲ್ಲಿ ಮುದ್ರಣಾಲಯಗಳಿಗೆ ಕೊರತೆಯಿಲ್ಲ. ಮುದ್ರಣಾಲಯದಲ್ಲಿ ಕಟಿಂಗ್ ಯಂತ್ರದ ಬಳಿ ಬೀಳುವ ಅಂಚುಗಳು, ಬಣ್ಣ ಸರಿಹೊಂದಿಸುವಾಗ ಹಾಳಾದ ಹಾಳೆಗಳು ಪೋಸ್ಟರ್ ಮಾಡುವವರಿಗೆ ಚಿನ್ನ. ಮರ್ಯಾದೆಯಿಂದ ಕೇಳಿದರೆ ಕೊಡುವವರು ಸಿಗುತ್ತಾರೆ. ಮನೆಯಲ್ಲಿ ಕೂಡಿಟ್ಟ ಲಗ್ನಪತ್ರಿಕೆಗಳನ್ನೂ ಬಿಡಬೇಡಿ. ಅವುಗಳ ಕೆಂಪು, ಅರಿಶಿನ, ಮರೂನ್ ರಟ್ಟುಗಳು ಗ್ಲೇಜ್ ಪೇಪರಿಗಿಂತ ಎಷ್ಟೋ ಚೆನ್ನ. ಬೇಕಾದ ಬಣ್ಣದ ಕಾಗದ ಸಿಗದಿದ್ದರೆ ಬಿಳಿ ಹಾಳೆಗೆ ನೀವೇ ಪೋಸ್ಟರ್ ಕಲರ್ ಬಳಿದು, ಒಣಗಿಸಿ, ಕತ್ತರಿಸಿ. ಚಿತ್ರಕಾರ ಹೆನ್ರಿ ಮಾತೀಸ್ ತನ್ನ ಕೊನೆಯ ವರ್ಷಗಳ ಅನೇಕ ದೊಡ್ಡ ಕೆಲಸಗಳನ್ನು ಹೀಗೆಯೇ, ಬಣ್ಣ ಬಳಿದ ಕಾಗದವನ್ನು ಕತ್ತರಿಸಿ ಮಾಡಿದ.

ಅಕ್ಷರ ಕತ್ತರಿಸಲು ಒಂದು ಉಪಾಯವಿದೆ. 'ರ', 'ಠ', ಸೊನ್ನೆ ಇಂಥವುಗಳ ಒಳಗಿನ ತೂತನ್ನು ಬ್ಲೇಡಿನಿಂದ ಕೊರೆಯಲು ಹೆಣಗಬೇಡಿ. ಅಕ್ಷರದ ಹೊರ ಆಕಾರವನ್ನಷ್ಟೇ ತುಂಬುದೇಹದಲ್ಲಿ ಕತ್ತರಿಸಿ ಅಂಟಿಸಿ, ಒಳಗಿನ ಖಾಲಿ ಜಾಗಕ್ಕೆ ಹಿನ್ನೆಲೆಯ ಬಣ್ಣದ ತುಂಡನ್ನು ಮೇಲಿಂದ ಅಂಟಿಸಿ. ಅಂಚು ಸ್ವಚ್ಛವಾಗಿ ಬರುತ್ತದೆ, ಹೊತ್ತೂ ಉಳಿಯುತ್ತದೆ. ಒತ್ತು ಮತ್ತು ಗುಡಿಸುಗಳನ್ನು ಬೇರೆ ತುಂಡುಗಳಾಗಿಯೇ ಇಟ್ಟುಕೊಳ್ಳಿ. ದಪ್ಪ ಅಕ್ಷರಗಳೇ ಇಲ್ಲಿ ಚೆಂದ. ಕೆಳಗಿನ ಸಣ್ಣ ಸಾಲನ್ನು ಮಾತ್ರ ಕತ್ತರಿಸಲು ಹೋಗಬೇಡಿ. ಒಂದು ಇಂಚಿಗಿಂತ ಕಿರಿದಾದ ಕನ್ನಡ ಅಕ್ಷರವನ್ನು ಕತ್ತರಿಸುವುದು ಕಣ್ಣಿಗೂ ಶಿಕ್ಷೆ, ನೋಡುವವರಿಗೂ ಶಿಕ್ಷೆ. ಅದನ್ನು ಪೆನ್ನಿನಿಂದ ಬರೆಯಿರಿ.

ಇನ್ನು ಸುಕ್ಕು. ಕಾಯಿಯ ಹೊರ ಆಕಾರವನ್ನು ಕತ್ತರಿಯಿಂದ ಕತ್ತರಿಸಿ, ಒಳಗಿನ ಸುಕ್ಕಿಗೆ ಗಾಢ ಕೆಂಪು ಕಾಗದವನ್ನು ಕೈಯಿಂದ ಹರಿದು ಪಟ್ಟಿಗಳನ್ನು ಮಾಡಿ ಅಂಟಿಸಿ. ಒಂದೇ ಬದಿಗೆ ಬಣ್ಣವಿರುವ ಕಾಗದವನ್ನು ಹರಿದಾಗ ಒಂದು ಅಂಚಿನಲ್ಲಿ ಒಳಗಿನ ಬಿಳಿ ಎದ್ದು ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. ಹರಿಯುವ ದಿಕ್ಕನ್ನು ಬದಲಿಸಿ ಯಾವ ತುಂಡಿಗೆ ಬಿಳಿ ಬರಬೇಕೆಂದು ನೀವೇ ನಿರ್ಧರಿಸಬಹುದು. ಬಿಸಿಲು ಬಿದ್ದ ಒಣ ಮೆಣಸಿನಕಾಯಿಯ ಏಣಿನ ಮೇಲಿನ ಹೊಳಪು ಆ ಬಿಳಿ ಅಂಚಿನಲ್ಲಿ ತಾನಾಗಿಯೇ ಸಿಗುತ್ತದೆ. ಕಾಗದಕ್ಕೆ ನಾರಿನ ದಿಕ್ಕೂ ಇದೆ: ನಾರಿನುದ್ದಕ್ಕೆ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಅಂಕುಡೊಂಕಾಗುತ್ತದೆ. ಕಡ್ಡಿ ಮೆಣಸಿನಕಾಯಿಗೆ ಮೊದಲನೆಯದು, ಡಬ್ಬಿಗೆ ಎರಡನೆಯದು ಹೊಂದುತ್ತದೆ.

ಅಂಟಿನ ಆಯ್ಕೆಯೇ ಇಲ್ಲಿ ಸೋಲು ಗೆಲುವನ್ನು ನಿರ್ಧರಿಸುತ್ತದೆ. ಫೆವಿಕಾಲ್‌ಗೆ ನೀರು ಬೆರೆಸಿ ಇಡೀ ಹಿಂಬದಿಗೆ ಬಳಿದರೆ ತೆಳು ಕಾಗದ ಮುದುಡುತ್ತದೆ. ಬೆರೆಸದೆ, ರಟ್ಟಿನ ಚೂರಿನಿಂದ ತೆಳುವಾಗಿ ಎಳೆದು ಹಚ್ಚಿ, ಮೇಲೆ ಹಾಳೆಯಿಟ್ಟು ದಪ್ಪ ಪುಸ್ತಕಗಳ ಭಾರ ಹೇರಿ ರಾತ್ರಿಯಿಡೀ ಬಿಡಿ. ಗ್ಲೂ ಸ್ಟಿಕ್ ಸಣ್ಣ ತುಂಡುಗಳಿಗೆ ಸಾಕು, ಆದರೆ ಕೆಲವು ವಾರಗಳಲ್ಲಿ ಅಂಚು ಏಳಬಹುದು. ಪುಸ್ತಕ ಕಟ್ಟುವವರು ಬಳಸುವ ಮೈದಾ ಅಂಟು ಅಗ್ಗ ಮತ್ತು ಗಟ್ಟಿ. ಹುಳ ಹಿಡಿಯದಿರಲೆಂದು ಅದಕ್ಕೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಆದ್ದರಿಂದ ಅಂಥ ಅಂಟನ್ನು ತಂದರೆ ಮಕ್ಕಳ ಕೈಗೆ ಸಿಗದಂತೆ ಇಡಿ.

ಸ್ಟೆನ್ಸಿಲ್

ಹಳೆಯ ಎಕ್ಸ್‌ರೇ ಫಿಲ್ಮ್ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಆಕಾರ ಕೊರೆದು, ಸ್ಪಂಜಿನಿಂದ ಬಣ್ಣ ಒತ್ತುವುದು. ಒಂದೇ ಆಕಾರವನ್ನು ಹತ್ತಾರು ಸಲ ಇಡಬೇಕಿದ್ದರೆ, ಉದಾಹರಣೆಗೆ ಮೆಣಸಿನಕಾಯಿಯ ರಾಶಿ ತೋರಿಸಬೇಕಿದ್ದರೆ, ಇದಕ್ಕಿಂತ ವೇಗದ ದಾರಿ ಇಲ್ಲ. ಕನ್ನಡ ಅಕ್ಷರಕ್ಕೆ ಮಾತ್ರ ತೊಂದರೆ. ಸುತ್ತಲೂ ಮುಚ್ಚಿದ ಆಕಾರಗಳ ಒಳತುಂಡು ಕಳಚಿ ಬೀಳುತ್ತದೆ, ಅದನ್ನು ಹಿಡಿದಿಡಲು ನಡುನಡುವೆ ಸಣ್ಣ ಸೇತುವೆಗಳನ್ನು ಬಿಡಬೇಕಾಗುತ್ತದೆ. ಸೇತುವೆಯ ಜಾಗ ತಪ್ಪಿದರೆ 'ದ' ಮತ್ತು 'ಧ' ನಡುವಿನ ವ್ಯತ್ಯಾಸವೇ ಹೋಗಿಬಿಡುತ್ತದೆ, ಏಕೆಂದರೆ ನಮ್ಮಲ್ಲಿ ಒಂದು ಸಣ್ಣ ಸೀಳೇ ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡುತ್ತದೆ. 'ಧಾರವಾಡ' ಎಂದು ಸ್ಟೆನ್ಸಿಲ್ ಕೊರೆಯುವವರು ಇದನ್ನು ಮೊದಲೇ ಯೋಚಿಸಬೇಕು. ಸುಕ್ಕು ಇದರಲ್ಲಿ ಬರುವುದಿಲ್ಲ. ಚಿತ್ರಕ್ಕೆ ಸ್ಟೆನ್ಸಿಲ್, ಅಕ್ಷರಕ್ಕೆ ಬೇರೆ ವಿಧಾನ ಎಂದು ಹಂಚಿಕೊಳ್ಳುವುದು ಜಾಣತನ.

ಲಿನೋ ಅಚ್ಚು

ಅಗಸೆ ಎಣ್ಣೆ ಮತ್ತು ಬೆಂಡಿನ ಪುಡಿಯಿಂದ ತಯಾರಾಗುವ ಲಿನೋಲಿಯಂ 19ನೇ ಶತಮಾನದಲ್ಲಿ ನೆಲಹಾಸಾಗಿ ಹುಟ್ಟಿ, ಆಮೇಲೆ ಕಲಾವಿದರ ಕೈಗೆ ಬಂತು. ಈಗ ಮನೆಗೆ ಹಾಸುವ ಪ್ಲಾಸ್ಟಿಕ್ ಮ್ಯಾಟ್ ಲಿನೋ ಅಲ್ಲ. ಅದನ್ನು ಕೆತ್ತಲು ಹೋದರೆ ಉಳಿ ಜಾರಿ ಕೈ ಕೊಯ್ಯುತ್ತದೆ. ಕಲಾ ಸಾಮಗ್ರಿಯ ಅಂಗಡಿಯಲ್ಲಿ ಲಿನೋ ಎಂದೇ ಕೇಳಿ ತನ್ನಿ. ಗಟ್ಟಿಯೆನಿಸಿದರೆ ಸ್ವಲ್ಪ ಹೊತ್ತು ಬಿಸಿಲಿಗಿಡಿ, ಮೆತ್ತಗಾಗುತ್ತದೆ. ಕೆತ್ತುವಾಗ ಹಲಗೆಯನ್ನು ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಲಿ, ಮುಂದೆ ಬೇಡ.

ಬ್ಯಾಡಗಿ ಕಾಯಿಯ ಸುಕ್ಕಿಗೆ ಲಿನೋದಷ್ಟು ಹೊಂದುವ ವಿಧಾನ ಇನ್ನೊಂದಿಲ್ಲ. ವಿ ಆಕಾರದ ಉಳಿಯಿಂದ ಎಳೆದ ಒಂದೊಂದು ಗೀರೂ ಕೆಂಪಿನ ನಡುವೆ ಕಾಗದದ ಬಿಳಿಯಾಗಿ ಉಳಿಯುತ್ತದೆ. ಗೀರು ಆಳವಾದಂತೆ ದಪ್ಪವಾಗುತ್ತದೆ, ಉಳಿ ಎತ್ತುವಾಗ ಸಪೂರವಾಗಿ ಮುಗಿಯುತ್ತದೆ. ಒಣಗಿದ ಕಾಯಿಯ ಮೇಲಿನ ಸುಕ್ಕು ಹರಿಯುವುದೂ ಹೀಗೆಯೇ. ಕೆತ್ತುವ ಮೊದಲು ನಿಜವಾದ ಕಾಯಿಯೊಂದನ್ನು ಎದುರಿಗಿಟ್ಟುಕೊಂಡು ಪೆನ್ಸಿಲ್‌ನಲ್ಲಿ ಹತ್ತು ಸಲ ಬರೆಯಿರಿ. ಕೆತ್ತಿದ್ದನ್ನು ಮತ್ತೆ ತುಂಬಲಾಗುವುದಿಲ್ಲ.

ಅಕ್ಷರದ ವಿಷಯದಲ್ಲಿ ಲಿನೋ ಕಠಿಣ ಗುರು. ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. 'ಬ್ಯಾ'ದ ಬಲಕ್ಕಿರುವ ಒತ್ತು ಹಲಗೆಯ ಮೇಲೆ ಎಡಕ್ಕೆ ಬರುತ್ತದೆ, ಪದ ಬಲದಿಂದ ಎಡಕ್ಕೆ ಓಡುತ್ತದೆ. ಟ್ರೇಸಿಂಗ್ ಪೇಪರ್ ಮೇಲೆ ನೇರವಾಗಿ ಬರೆದು, ಅದನ್ನು ಮಗುಚಿ, ಕಾರ್ಬನ್ ಇಟ್ಟು ಇಳಿಸಿಕೊಳ್ಳುವುದು ಸರಿಯಾದ ಕ್ರಮ. ಉಳಿ ಮುಟ್ಟಿಸುವ ಮೊದಲು ಹಲಗೆಯನ್ನು ಕನ್ನಡಿಯ ಮುಂದೆ ಹಿಡಿದು ಓದಿ. ಸಣ್ಣ ಬಾಗುಗಳಲ್ಲಿ ಉಳಿಯನ್ನು ತಿರುಗಿಸುವುದಕ್ಕಿಂತ ಹಲಗೆಯನ್ನೇ ತಿರುಗಿಸಿದರೆ ಗೆರೆ ಒಡೆಯುವುದಿಲ್ಲ.

ಎಣ್ಣೆ ಆಧಾರಿತ ಮುದ್ರಣ ಶಾಯಿ ಬಣ್ಣ ತುಂಬಿ ಕೊಡುತ್ತದೆ, ಒಣಗಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಸಲ್ಲಿಸುವ ಹಿಂದಿನ ರಾತ್ರಿ ಅಚ್ಚೊತ್ತುವವರು ಲಿನೋ ಆರಿಸಿಕೊಳ್ಳಲೇಬಾರದು. ಯಂತ್ರ ಬೇಕೆಂದೇನೂ ಇಲ್ಲ. ರೋಲರ್‌ನಿಂದ ತೆಳುವಾಗಿ ಶಾಯಿ ಹಚ್ಚಿ, ಮೇಲೆ ನಯವಾದ ತೆಳು ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ವೃತ್ತಾಕಾರವಾಗಿ ಉಜ್ಜಿದರೆ ಸಾಕು. ಎ2 ಗಾತ್ರದ ಹಲಗೆಯನ್ನು ಹೀಗೆ ಸಮನಾಗಿ ಉಜ್ಜುವುದು ಕಷ್ಟ. ಎ4 ಹಲಗೆಯಲ್ಲಿ ಕಾಯಿಯನ್ನಷ್ಟೇ ಕೆತ್ತಿ, ದೊಡ್ಡ ಹಾಳೆಯಲ್ಲಿ ಸುತ್ತ ಖಾಲಿ ಜಾಗ ಬಿಟ್ಟು ಒತ್ತಿ. ಖಾಲಿ ಜಾಗಕ್ಕೆ ಹೆದರಬೇಡಿ, ಕಣ್ಣನ್ನು ಕೆಂಪಿನ ಕಡೆಗೆ ತಳ್ಳುವುದೇ ಅದು.

ಸ್ಕ್ರೀನ್ ಪ್ರಿಂಟ್, ಕಸೂತಿ

ಸ್ಕ್ರೀನ್ ಪ್ರಿಂಟಿಂಗ್ ನಮಗೆ ಹೊಸತಲ್ಲ. ಲಗ್ನಪತ್ರಿಕೆ, ಬಟ್ಟೆ ಚೀಲಗಳ ಮುದ್ರಣದಲ್ಲಿ ಅದು ದಿನನಿತ್ಯದ ಕೆಲಸ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ರಾಷ್ಟ್ರಧ್ವಜದ ಅಶೋಕ ಚಕ್ರವನ್ನೂ ಬಿಳಿ ಬಟ್ಟೆಯ ಎರಡೂ ಬದಿಗೆ ಒಂದಕ್ಕೊಂದು ಕೂಡುವಂತೆ ಮುದ್ರಿಸುತ್ತಾರೆ. ಹೊಂದಾಣಿಕೆ ಎಂದರೆ ಎಷ್ಟು ಕಟ್ಟುನಿಟ್ಟಾಗಿರಬಹುದು ಎಂಬುದಕ್ಕೆ ನಮ್ಮೂರಿನದೇ ಮಾದರಿ ಅದು. ಆದರೆ ಒಂದೇ ಪೋಸ್ಟರ್‌ಗಾಗಿ ಚೌಕಟ್ಟು, ಬಲೆ, ಬೆಳಕಿಗೆ ಗಟ್ಟಿಯಾಗುವ ಲೇಪ, ಶಾಯಿ ಎಳೆಯುವ ರಬ್ಬರ್ ಪಟ್ಟಿ (ಸ್ಕ್ವೀಜಿ) ಎಲ್ಲವನ್ನೂ ಕೊಳ್ಳುವುದು ದುಂದು. ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕು. ಇಪ್ಪತ್ತು ಮೂವತ್ತು ಪ್ರತಿಗಳನ್ನು ಊರಲ್ಲಿ ಹಚ್ಚುವ ಉದ್ದೇಶವಿದ್ದರೆ, ಅಥವಾ ಕಾಲೇಜಿನಲ್ಲೇ ಸ್ಕ್ರೀನ್ ಇದ್ದರೆ ಮಾತ್ರ ಇದರ ಕಡೆ ನೋಡಿ. ಲೇಪ ಬೆಳಕಿಗೆ ಗಟ್ಟಿಯಾಗಲೆಂದು ಡೈಕ್ರೋಮೇಟ್ ಎಂಬ ವಿಷಕಾರಿ ರಾಸಾಯನಿಕ ಬೆರೆಸುವುದಾದರೆ ಕೈಗವಸು ಹಾಕಿಕೊಳ್ಳಿ. ಕಂಪ್ಯೂಟರ್‌ನಲ್ಲಿ ಜೋಡಿಸಿದ ಅಕ್ಷರದ ಫಿಲ್ಮ್‌ನಿಂದ ಸ್ಕ್ರೀನ್ ಮಾಡಿದರೆ ಅದನ್ನು ಕೈಕೆಲಸವೆಂದು ಒಪ್ಪುತ್ತಾರೆಯೇ ಎಂದು ಶಿಕ್ಷಕರನ್ನು ಮೊದಲೇ ಕೇಳಿ.

ಧಾರವಾಡದ ಕಸೂತಿಯನ್ನೇ ರಟ್ಟಿನ ಮೇಲೆ ಹೊಲಿದು ಪೋಸ್ಟರ್ ಮಾಡಬಹುದೇ ಎಂದು ಉತ್ಸಾಹಿಗಳು ಕೇಳುವುದುಂಟು. ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ ಹೊಲಿಗೆಗಳಿಗೆ ಬಹಳ ತಾಳ್ಮೆ ಬೇಕು. ಎ2 ಅಳತೆ ತುಂಬುವಷ್ಟು ಸಮಯ ಯಾವ ತರಗತಿಯೂ ಕೊಡುವುದಿಲ್ಲ. ಒಂದು ಅಂಚುಪಟ್ಟಿಗೆ ಸೀಮಿತಗೊಳಿಸಿ. ಅದಕ್ಕಿಂತ ಉಪಯುಕ್ತವಾದದ್ದು ಕಸೂತಿಯಿಂದಲೂ ನವಲಗುಂದದ ಜಮಖಾನೆಯಿಂದಲೂ ಚೌಕುಳಿಯ ಲೆಕ್ಕವನ್ನು ಎರವಲು ಪಡೆಯುವುದು. ಗ್ರಾಫ್ ಹಾಳೆಯ ಮೇಲೆ ಅವುಗಳ ಒಂದು ಆಕೃತಿಯನ್ನು ಇಳಿಸಿಕೊಂಡರೆ ಪೋಸ್ಟರಿನ ಚೌಕಟ್ಟು ಅರ್ಧ ಸಿದ್ಧವಾದಂತೆ.

ಯಾರಿಗೆ ಯಾವುದು

ಸಮಯ ಎರಡೇ ದಿನವಿದ್ದರೆ ಕತ್ತರಿ. ವಾರವಿದ್ದು ಕೈ ಪಳಗಿದ್ದರೆ ಕುಂಚ. ವಾರವಿದ್ದು ಎರಡು ಮೂರು ಪ್ರತಿ ಬೇಕಿದ್ದರೆ ಲಿನೋ. ತಲೆಬರಹದಲ್ಲಿ ಒತ್ತುಗಳು ಹೆಚ್ಚಿದ್ದರೆ ಕುಂಚ ಅಥವಾ ಕತ್ತರಿ, 'ಗದಗ'ದಂಥ ಸರಳ ಪದವಾದರೆ ಲಿನೋದಲ್ಲೂ ಧೈರ್ಯ ಮಾಡಬಹುದು. ನನ್ನ ಕೈಗೆ ಈ ಬ್ಯಾಡಗಿ ಪೋಸ್ಟರ್ ಕೊಟ್ಟರೆ ಕಾಯಿಯನ್ನು ಲಿನೋದಲ್ಲಿ ಒತ್ತಿ, ಅದು ಒಣಗಿದ ಮೇಲೆ ತಲೆಬರಹವನ್ನು ಕಪ್ಪು ಕಾಗದದಲ್ಲಿ ಕತ್ತರಿಸಿ ಅಂಟಿಸುತ್ತೇನೆ, ಸಣ್ಣ ಸಾಲನ್ನು ಅಗಲ ನಿಬ್ಬಿನ ಪೆನ್ನಿನಿಂದ ಬರೆಯುತ್ತೇನೆ. ವಿಧಾನಗಳನ್ನು ಬೆರೆಸುವುದಕ್ಕೆ ಹಿಂಜರಿಯಬೇಕಿಲ್ಲ, ಸಣ್ಣ ಸಾಲಿನ ಪೆನ್ನನ್ನು ಬಿಟ್ಟು ಎರಡಕ್ಕೆ ನಿಲ್ಲಿಸಿದರೆ ಆಯಿತು.

ಯಾವುದನ್ನೇ ಆರಿಸಿ, ಅಂಗೈಯಗಲದ ಕರಡುಗಳನ್ನು ಹತ್ತಾದರೂ ಮಾಡಿ ಇಟ್ಟುಕೊಂಡು ಪೋಸ್ಟರಿನ ಜೊತೆ ಕೊಡಿ. ಅಂತಿಮ ಹಾಳೆಯಷ್ಟೇ ಗಮನದಿಂದ ಕರಡುಗಳನ್ನು ನೋಡುವ ಶಿಕ್ಷಕರು ಬಹಳ ಮಂದಿ ಇದ್ದಾರೆ. ಫೋಟೊ ತೆಗೆಯುವುದನ್ನು ಸಲ್ಲಿಸುವ ಮೊದಲೇ ಮುಗಿಸಿ, ನೇರ ಬಿಸಿಲಿನ ಬದಲು ಪಡಸಾಲೆಯ ನೆರಳಿನಲ್ಲಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಒಯ್ಯುವುದಾದರೆ ಎರಡು ರಟ್ಟುಗಳ ನಡುವೆ ಇಟ್ಟು ಪ್ಲಾಸ್ಟಿಕ್ ಸುತ್ತಿ. ಸುರುಳಿ ಸುತ್ತಲೇಬೇಕಾದರೆ ಚಿತ್ರದ ಮುಖ ಹೊರಕ್ಕೆ ಇರಲಿ. ಒಳಕ್ಕೆ ಸುತ್ತಿದರೆ ಅಂಟಿಸಿದ ತುಂಡುಗಳು ಮುದುಡಿ ಮೇಲೇಳುತ್ತವೆ.